ತಿರುಗುತ್ತಲೇ ಇದ್ದ ರೆಕ್ಕೆ

ಹಳೆಯ ಜೊತೆಗಾರ ಗುಬ್ಬಿ ಬರುತ್ತಾನೆಂದು ತಿಳಿದ ಗಳಿಗೆಯಿಂದ ಅವನಿಗೆ ತನ್ನ ಎರಡು ಮಂಡಿಗಳೂ ಬೇರೆ ಯಾರದೋ ಎನ್ನಿಸತೊಡಗಿದ್ದವು. ಬೆಳಗ್ಗೆ ಬೇಗನೆ ಬಂದು ಕೋಣೆಯ ಬೀಗ ತೆಗೆದು, ನಾಲ್ಕು ಕಪ್ಪು ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು, ಒದ್ದೆ ಬಟ್ಟೆಯಿಂದ ಒಂದೊಂದರ ಒಳಗಿನ ಬೆವರನ್ನೂ ಒರೆಸುತ್ತಿರುವಾಗ ಅವು ಪ್ಯಾಂಟಿನೊಳಗೆ ತಮ್ಮ ಪಾಡಿಗೆ ತಾವು ನಡುಗುತ್ತಿದ್ದವು. ಡಬ್ಬಿ ಎಂದರೆ ಕಣ್ಣಿಗೆ ಕಟ್ಟಿಕೊಳ್ಳುವ ಡಬ್ಬಿ. ಅದರೊಳಗಿನ ಆಟವನ್ನು ತಯಾರಿಸಿದ ಮೇಡಂ ಅದಕ್ಕೆ ಉದ್ದನೆಯ ಹೆಸರೊಂದನ್ನು ಹೇಳುತ್ತಿದ್ದರು; ಬಂದವರು ಡಬ್ಬಿ ಎಂದರು, ಅವನೂ ಡಬ್ಬಿ ಎಂದ, ಒಂದು ತಿಂಗಳಲ್ಲಿ ಮೇಡಂ ಕೂಡ ಸೋತು ಡಬ್ಬಿ ಎನ್ನತೊಡಗಿದರು. ಅದನ್ನು ಕಟ್ಟಿಕೊಂಡರೆ ವಿದ್ಯುತ್ ಕಚೇರಿಯ ಈ ಹಳೆಯ ಬಿಲ್ ಕೌಂಟರಿನ ಕೋಣೆ ಮಾಯವಾಗಿ ಒಂದು ಊರು ಕಾಣುತ್ತಿತ್ತಂತೆ. ಮೊದಲು ಒಂದು ಮನೆಯ ತಾರಸಿಯ ಮೇಲೆ ನೆರಳು ಬೀಳದ ಜಾಗ ಹುಡುಕಿ ಬಿಸಿಲಿನಿಂದ ಕರೆಂಟು ಮಾಡುವ ಹಲಗೆಗಳನ್ನು ಜೋಡಿಸಬೇಕು; ಆಮೇಲೆ ಬಯಲಿಗೆ ಹೋಗಿ ಗಾಳಿಯಂತ್ರದ ಕಂಬ ಹತ್ತಿ ತುದಿಯಲ್ಲೊಂದು ತಂತಿ ಸಿಕ್ಕಿಸಬೇಕು; ಕೊನೆಗೆ ಹಗಲು ಕೂಡಿಟ್ಟ ಕರೆಂಟನ್ನು ಸಂಜೆಗೆ ಹಂಚಬೇಕು, ಆಸ್ಪತ್ರೆಗೆಷ್ಟು, ನೀರಿನ ಪಂಪಿಗೆಷ್ಟು, ಸಿನಿಮಾಕ್ಕೆಷ್ಟು ಎಂದು. ಸರಿಯಾಗಿ ಹಂಚಿದರೆ ಊರೆಲ್ಲ ಬೆಳಗುತ್ತದೆ, ತಪ್ಪಿದರೆ ಆಸ್ಪತ್ರೆಯವರು ಬಂದು ಬೈಯುತ್ತಾರೆ. ನಾಲ್ಕು ತಿಂಗಳಲ್ಲಿ ಎರಡು ಸಾವಿರ ತಲೆಗಳಿಗೆ ಅವನು ಡಬ್ಬಿ ಕಟ್ಟಿದ್ದ. ಬ್ಯಾಂಕಿನ ಮ್ಯಾನೇಜರೊಬ್ಬ ಕಂಬದ ಅರ್ಧಕ್ಕೆ ಬಂದೊಡನೆ ಈ ಕೋಣೆಯ ನೆಲದ ಮೇಲೆ ಬೋರಲು ಬಿದ್ದು, ಇಲ್ಲದ ಕಂಬಿಯನ್ನು ತಬ್ಬಿಕೊಂಡು, ಹೆಂಡತಿಯನ್ನು ಹೆಸರು ಹಿಡಿದು ಕೂಗಿದ್ದ. ಅದನ್ನು ನೋಡಿದ ಅವನು ಆ ದಿನ ಮನೆಗೆ ಹೋಗಿ ಊಟದ ನಡುವೆ ಮೂರು ಸಲ ನಕ್ಕಿದ್ದ. ಇನ್ನೊಬ್ಬರ ಹೆದರಿಕೆಯನ್ನು ಹತ್ತಿರದಿಂದ ನೋಡುವುದರಲ್ಲಿ ಇಷ್ಟೊಂದು ಸುಖವಿದೆ ಎಂದು ಅರವತ್ತೆರಡನೆಯ ವಯಸ್ಸಿನಲ್ಲಿ ತಿಳಿಯಿತಲ್ಲ ಎಂದು ಅವನಿಗೆ ಸ್ವಲ್ಪ ನಾಚಿಕೆಯೂ ಆಗಿತ್ತು, ಹೆಚ್ಚೇನಲ್ಲ.

ತಾನು ಮಾತ್ರ ಡಬ್ಬಿ ಕಟ್ಟಿಕೊಳ್ಳುತ್ತಿರಲಿಲ್ಲ. ಮೊದಲ ದಿನ ಮೇಡಂ ಒತ್ತಾಯಿಸಿ ಕಟ್ಟಿದಾಗ ಮೂರನೆಯ ಮೆಟ್ಟಿಲಿಗೇ "ಶುಗರ್ ಕಡಿಮೆ ಆಗಿದೆ ಮೇಡಂ" ಎಂದು ಕಿತ್ತು ಕೈಗೆ ಕೊಟ್ಟಿದ್ದ. ಅವನಿಗೆ ಶುಗರ್ ಇರಲಿಲ್ಲ. ಆಡುವವರು ಕಾಣುವುದನ್ನೆಲ್ಲ ಗೋಡೆಯ ದೊಡ್ಡ ಟಿವಿಯೂ ತೋರಿಸುತ್ತಿತ್ತು. ಅದನ್ನು ನೋಡಿದರೂ ಎತ್ತರದಲ್ಲಿ ನಿಂತಂತಾಗುತ್ತದೆಂದು ಕುರ್ಚಿಯನ್ನು ಟಿವಿಗೆ ಬೆನ್ನು ಮಾಡಿ ಹಾಕಿಕೊಂಡಿದ್ದ. "ಆಡೋರ ಕೈ ಮೇಲೆ ಕಣ್ಣಿಡಬೇಕಲ್ಲ, ಬೀಳಬಾರದಲ್ಲ" ಎಂದು ಅದಕ್ಕೊಂದು ಕಾರಣವನ್ನೂ ಇಟ್ಟುಕೊಂಡಿದ್ದ. ಮೇಡಂಗೆ ಆ ಕಾಳಜಿ ಬಹಳ ಹಿಡಿಸಿತ್ತು.

ನಿನ್ನೆ ಸಂಜೆ ಬೀಗಿತ್ತಿ ಫೋನ್ ಮಾಡಿದ್ದಳು. ಮಗಳ ಅತ್ತೆ ಎಂದರೆ ಯಾರಿಗಾದರೂ ಎದೆ ಸ್ವಲ್ಪ ಬಿಗಿಯುವುದು ಸಹಜ. ಈಕೆಯಂತೂ ಹತ್ತು ಹೊಲಿಗೆ ಮೆಷಿನ್ನುಗಳ ಅಂಗಡಿ ನಡೆಸುವವಳು, ಮಾತನ್ನೂ ಅಳತೆ ಪಟ್ಟಿ ಹಿಡಿದೇ ಆಡುವವಳು. "ಬೀಗರೇ, ನಾಳೆ ನಮ್ಮ ಅಂಗಡಿ ಹೆಂಗಸರನ್ನ ಕರ್ಕೊಂಡು ಬರ್ತೀನಿ. ತಾರಸಿಗೆ ಹಲಗೆ ಹಾಕಿಸೋಣ ಅಂತ ಮಾತಾಗ್ತಿದೆ. ಆಟ ಆಡಿ ನೋಡಿ ಆಮೇಲೆ ತೀರ್ಮಾನ." ಸಂತೋಷ ಬನ್ನಿ ಎಂದ. "ನೀವು ಮೊದಲು ಹತ್ತಿ ತೋರಿಸ್ಬೇಕು. ಸಾವಿರ ಕಂಬ ಹತ್ತಿದೋರು ನೀವು, ನಿಮ್ಮನ್ನ ನೋಡಿದ್ರೆ ನಮ್ಮೋರಿಗೂ ಧೈರ್ಯ." ಆಗಲಿ ಎಂದ. ಆಮೇಲೆ ಅವಳು ಫೋನ್ ಇಡುವವಳಂತೆ ಮಾಡಿ, "ಹಾಂ, ಮರೆತೆ. ಅಂಗಡಿಗೆ ಹೊಸ ಕಾವಲಿನೋನು ಸಿಕ್ಕಿದಾನೆ. ನಿಮ್ ಜೊತೆ ಲೈನಿನಲ್ಲಿ ಕೆಲಸ ಮಾಡ್ತಿದ್ನಂತೆ. ಸಣ್ಣಗೆ, ಗುಬ್ಬಿ ಥರ ಇದಾನೆ. ನಿಮ್ಮ ಬಿರುಗಾಳಿ ಕತೆ ಹೇಳಿದೆ. ಏನೂ ಹೇಳ್ಲಿಲ್ಲ ಬೀಗರೇ, ಸುಮ್ನೆ ನಕ್ಕ. ಅವನನ್ನೂ ಕರ್ಕೊಂಡು ಬರ್ತೀನಿ" ಎಂದಳು. ಮರೆತವಳ ದನಿಯಲ್ಲ ಅದು.

ಬಿರುಗಾಳಿ ಕತೆಯನ್ನು ಅವನು ಮಗಳ ಮದುವೆಯ ಮಾತುಕತೆಯ ದಿನ ಮೊದಲ ಬಾರಿಗೆ ಹೇಳಿದ್ದ. ಬೀಗಿತ್ತಿ ಎದುರಿಗೆ ಕೂತು "ಲೈನ್‌ಮನ್ ಅಂದ್ರೆ ಏನು ಮಾಡೋದು?" ಎಂದು ಕೇಳಿದಾಗ, ಆ ಪ್ರಶ್ನೆಯಲ್ಲಿದ್ದ ಸಣ್ಣ ಮುಳ್ಳು ತಡೆಯಲಾಗದೆ ಹೇಳಿಬಿಟ್ಟಿದ್ದ: ಮಧ್ಯಾಹ್ನವೇ ಕತ್ತಲಾದ ಬಿರುಗಾಳಿ, ಆಸ್ಪತ್ರೆಗೆ ಹೋಗುವ ಲೈನು ಕಡಿದುಹೋದದ್ದು, ಹೊಯ್ದಾಡುವ ಕಂಬದ ತುದಿಯಲ್ಲಿ ಒಂಟಿ ಕೈಯಲ್ಲಿ ತಂತಿ ಬಿಗಿದದ್ದು. ಎಲ್ಲವೂ ನಿಜ. ಕಂಬದ ಮೇಲಿದ್ದವನು ಗುಬ್ಬಿ, ಕೆಳಗೆ ಏಣಿ ಹಿಡಿದು ನಿಂತವನು ತಾನು ಎನ್ನುವುದೊಂದನ್ನು ಬಿಟ್ಟು. ಕೆಲಸಕ್ಕೆ ಸೇರಿದ ಮೊದಲ ವಾರವೇ ಗೊತ್ತಾಗಿತ್ತು, ತನಗೆ ಎರಡಾಳು ಎತ್ತರದ ಮೇಲೆ ಉಸಿರು ನಿಲ್ಲುತ್ತದೆಂದು. ಗುಬ್ಬಿಗೆ ಅಕ್ಷರ ಬರುತ್ತಿರಲಿಲ್ಲ. ಪ್ರತಿ ಕಂಬಕ್ಕೂ ಪುಸ್ತಕದಲ್ಲಿ ಬರೆಯಬೇಕಿತ್ತು, ಲೈನ್ ಬಂದ್ ಮಾಡಿದ್ದು ಎಷ್ಟು ಗಂಟೆಗೆ, ಹತ್ತಿದವರು ಯಾರು, ಇಳಿದದ್ದು ಯಾವಾಗ, ಸಹಿ. ಗುಬ್ಬಿ ಪುಸ್ತಕ ಕಂಡರೆ ಬೆವರುತ್ತಿದ್ದ. "ನೀನು ಬರಿ, ನಾನು ಹತ್ತುತೀನಿ" ಎಂದು ಒಪ್ಪಂದವಾಯಿತು. ಸರದಿ ಪ್ರಕಾರ ಅರ್ಧ ಕಂಬ ಇವನ ಹೆಸರಿಗೆ, ಅರ್ಧ ಅವನ ಹೆಸರಿಗೆ ಎಂದು ಸಂಜೆ ಕೂತು ಬರೆಯುತ್ತಿದ್ದ. ಬಂದ್ ಮಾಡಿದ ಸಮಯದ ಕಾಲಮಿಗೆ ಆಗ ತೋಚಿದ ಗಂಟೆ. ಮೊದಮೊದಲು ಅರ್ಧಕ್ಕರ್ಧ ಸರಿಯಾಗಿತ್ತು. ಆಮೇಲೆ ಕೈ ಹೇಗೋ ತನ್ನ ಹೆಸರಿನ ಕಡೆಗೇ ಜಾರತೊಡಗಿತು. ಬರೆಯುವ ಕೈಗೆ ತನ್ನ ಹೆಸರೇ ಸಲೀಸು. ನಿವೃತ್ತಿಯ ದಿನ ಚೌಕಟ್ಟು ಹಾಕಿಸಿದ ಪ್ರಶಸ್ತಿ ಪತ್ರ ಬಂದದ್ದು ಇವನಿಗೆ: ಅಪಘಾತವಿಲ್ಲದೆ ಸಾವಿರದ ಇನ್ನೂರ ಆರು ಕಂಬ. ಗುಬ್ಬಿ ಹಿಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದ. ಆ ಚಪ್ಪಾಳೆಯಲ್ಲಿ ವ್ಯಂಗ್ಯವಿತ್ತೇ ಎಂದು ಇವನು ಎರಡು ವರ್ಷದಿಂದ ಕಿವಿಯೊಳಗೆ ಅದನ್ನು ತಿರುಗಿಸಿ ತಿರುಗಿಸಿ ಕೇಳುತ್ತಿದ್ದಾನೆ.

ಆ ಪತ್ರ ನೋಡಿಯೇ ಮೇಡಂ ಅವನನ್ನು ಇಲ್ಲಿಗೆ ಕರೆಸಿಕೊಂಡದ್ದು. ಅದೀಗ ಟಿವಿಯ ಪಕ್ಕದಲ್ಲಿ ನೇತಾಡುತ್ತಿತ್ತು. ಆಟದೊಳಗೆ ಧೈರ್ಯ ಹೇಳುವ ದನಿಯೂ ಅವನದೇ. ಮೈಕಿನ ಮುಂದೆ ಕೂರಿಸಿ, "ಕಂಬದ ಮೇಲೆ ನಿಮಗೆ ನೀವೇ ಏನು ಹೇಳ್ಕೋತಿದ್ರಿ ಸರ್, ಅದನ್ನೇ ಹೇಳಿ" ಎಂದಾಗ ಅವನಿಗೆ ನೆನಪಾದದ್ದು ಮೇಲಿನಿಂದ ಕೇಳಿಬರುತ್ತಿದ್ದ ಗುಬ್ಬಿಯ ಗೊಣಗಾಟ. ಅದನ್ನೇ ಹೇಳಿದ. ಮೇಡಂ ಕಣ್ಣೊರೆಸಿಕೊಂಡಿದ್ದರು. ಆಟ ತಯಾರಾದಾಗ ಇಡೀ ದಿನ ಟಿವಿಯಲ್ಲಿ ಹಾಕಿ ತೋರಿಸಿ, "ಎಲ್ಲ ಸರಿ ಇದೆಯಾ ಸರ್? ನಾನು ಕಂಪ್ಯೂಟರ್ ಓದಿದೋಳು, ಕಂಬ ನಿಮಗೇ ಗೊತ್ತು" ಎಂದರು. ಅವನು ಚಹಾದ ಲೋಟದೊಳಗೆ ನೋಡುತ್ತಾ, "ಫಸ್ಟ್ ಕ್ಲಾಸ್" ಎಂದ.

ಹನ್ನೊಂದಕ್ಕೆ ಬಂದರು. ಮುಂದೆ ಬೀಗಿತ್ತಿ, ಹಿಂದೆ ಆರು ಜನ ಹೆಂಗಸರು, ಎಲ್ಲರ ಹಿಂದೆ ಕಾವಲಿನವನ ಅಂಗಿಯಲ್ಲಿ ಗುಬ್ಬಿ. ಅಂಗಿ ಅವನಿಗಿಂತ ಎರಡು ಅಳತೆ ದೊಡ್ಡದು. ಹೊಲಿಗೆ ಅಂಗಡಿಯ ಕಾವಲಿನವನಿಗೆ ಅಳತೆಯ ಅಂಗಿ ಇಲ್ಲವಲ್ಲ ಎಂದು ಇವನಿಗೆ ಆ ಭಯದಲ್ಲೂ ನಗು ಬಂತು.

"ಏನೋ ಏಣಿ, ಹೊಟ್ಟೆ ಬಂದಿದೆ" ಎಂದ ಗುಬ್ಬಿ.

"ಏಣಿನಾ?" ಬೀಗಿತ್ತಿ ಹುಬ್ಬೇರಿಸಿದಳು. "ನಿಮ್ಮನ್ನ ಏಣಿ ಅಂತಿದ್ರಾ ಬೀಗರೇ? ಯಾಕೆ?"

"ಉದ್ದ ಇದ್ದೆನಲ್ಲ" ಎಂದ. ಅವನು ಗುಬ್ಬಿಗಿಂತ ಎರಡಂಗುಲವಷ್ಟೇ ಉದ್ದ. ಗುಬ್ಬಿ ಕೆಮ್ಮಿದ.

"ಹತ್ತಿ ಮತ್ತೆ" ಎಂದು ಬೀಗಿತ್ತಿ ಟಿವಿಯ ಎದುರಿಗೆ ಕುರ್ಚಿ ಎಳೆದುಕೊಂಡು, ಮದುವೆಯ ಮಾತುಕತೆಯ ದಿನ ಕೂತಂತೆಯೇ ಕೂತಳು. ಡಬ್ಬಿಯ ಪಟ್ಟಿಯನ್ನು ಅವನು ಎರಡು ಸಲ ತಪ್ಪಾಗಿ ಸಿಕ್ಕಿಸಿದ್ದನ್ನು ಮೇಡಂ ನೋಡಿ, "ಶುಗರ್ ಚೆಕ್ ಮಾಡಿಸಿದ್ರಾ ಸರ್?" ಎಂದು ಪಿಸುಗುಟ್ಟಿದರು. ಅವನು ತಲೆಯಾಡಿಸಿ, ಡಬ್ಬಿ ಕಣ್ಣಿಗೆ ಬಂದೊಡನೆ ಎರಡೂ ಕಣ್ಣನ್ನು ಗಟ್ಟಿಯಾಗಿ ಮುಚ್ಚಿಬಿಟ್ಟ. ರಾತ್ರಿಯೆಲ್ಲ ಯೋಚಿಸಿ ಕಂಡುಕೊಂಡ ಉಪಾಯ ಅದು. ಡಬ್ಬಿಯೊಳಗೆ ಕಣ್ಣು ತೆರೆದಿದೆಯೋ ಮುಚ್ಚಿದೆಯೋ ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ತಾರಸಿಯ ಪಾಠವನ್ನು ಬಿಟ್ಟು ನೇರ ಕಂಬಕ್ಕೆ ಹಾಕಲು ಮೇಡಂಗೆ ಹೇಳಿದ್ದ. ಎರಡು ಸಾವಿರ ಜನರ ಕೈಗಳನ್ನು ನೋಡಿ ನೋಡಿ ಅವನಿಗೆ ಲೆಕ್ಕ ಬಾಯಿಪಾಠವಾಗಿತ್ತು: ಬಲಗೈ ಹದಿನೆಂಟು, ಎಡಗೈ ಹದಿನೆಂಟು, ಪ್ರತಿ ಮೆಟ್ಟಿಲಿಗೂ ಕೈಯಲ್ಲಿನ ಹಿಡಿ ಝುಂ ಎಂದು ನಡುಗುತ್ತದೆ, ತುದಿಯಲ್ಲಿ ಬಲಕ್ಕೆ ಅರ್ಧ ತಿರುಗಿ ತೋಳು ಚಾಚಿ ಹೆಬ್ಬೆರಳನ್ನು ಮೂರೆಣಿಸುವವರೆಗೆ ಒತ್ತಬೇಕು. ಹತ್ತತೊಡಗಿದ. ಕತ್ತಲೆಯಲ್ಲಿ ಅವನ ದನಿಯೇ ಅವನ ಕಿವಿಗೆ ಬಿತ್ತು: ಹೆದರಬೇಡಿ, ಕೆಳಗೆ ನೋಡಬೇಡಿ, ಕೈ ನೋಡಿ, ಕೈಯಷ್ಟೇ ನೋಡಿ. ಎಷ್ಟು ಗಂಭೀರ, ಎಷ್ಟು ಮೋಸದ ದನಿ! ಇಂಥವನ ಮಾತು ನಂಬಿ ಜನ ಕಂಬ ಹತ್ತಿದರಲ್ಲ ಎಂದು ಮೊದಲ ಬಾರಿಗೆ ಅವನಿಗೆ ಆ ದನಿಯವನ ಮೇಲೆ ಸಿಟ್ಟು ಬಂತು. ಏಳು, ಎಂಟು. ಹೆಂಗಸರು "ಅಯ್ಯೋ, ಅಯ್ಯೋ, ನೋಡೇ ಎಷ್ಟು ಮೇಲೆ" ಎನ್ನುತ್ತಿದ್ದರು. ಹದಿನಾರು, ಹದಿನೇಳು. ಬೆವರು ರೆಪ್ಪೆಯ ಮೇಲೆ ಕೂತಿತು. ತಿರುಗಿದ, ಚಾಚಿದ, ಒತ್ತಿದ. ಗಂಟೆಯ ಸದ್ದು ಕೇಳಿಸಿತು. ನೂರಕ್ಕೆ ನೂರು.

ಡಬ್ಬಿ ತೆಗೆದಾಗ ಆರೂ ಜನ ಹೆಂಗಸರು ಚಪ್ಪಾಳೆ ತಟ್ಟುತ್ತಿದ್ದರು. ಬೀಗಿತ್ತಿಯೂ ತಟ್ಟಿದಳು, ಎರಡು ಸಲ. "ಪರವಾಗಿಲ್ಲ ಬೀಗರೇ. ನಾನು ಏನೇನೋ ಅಂದ್ಕೊಂಡಿದ್ದೆ." ಅವನಿಗೆ ಮೈಯೆಲ್ಲ ಹಗುರವಾಯಿತು. ಒಂದು ಕ್ಷಣ ತಾನು ನಿಜವಾಗಿಯೂ ಹತ್ತಿದೆ ಎಂದೇ ಅನ್ನಿಸಿತು. ಬಿರುಗಾಳಿಯ ದಿನವೂ ತಾನೇ ಹತ್ತಿದ್ದಿರಬಹುದು, ಗುಬ್ಬಿ ಎಲ್ಲೋ ಕೆಳಗಿದ್ದ, ಯಾರಿಗೆ ನೆನಪಿರುತ್ತದೆ? ಆ ಹಗುರದಲ್ಲೇ ಅತಿಯಾದ ಉದಾರತೆಯಿಂದ ಕೈ ಬೀಸಿ, "ಬಾರೋ ಗುಬ್ಬಿ, ನೀನೂ ಒಂದು ಕೈ ನೋಡು" ಎಂದ. ಆ ಮಾತು ಬಾಯಿಂದ ಹೊರಬಿದ್ದ ಮೇಲೆ ಅದರ ಅವಶ್ಯಕತೆ ಏನಿತ್ತು ಎಂದು ಅವನಿಗೇ ತಿಳಿಯಲಿಲ್ಲ.

ಗುಬ್ಬಿ ಡಬ್ಬಿ ಕಟ್ಟಿಸಿಕೊಂಡ. ಮೊದಲು ಕತ್ತು ಎತ್ತಿ ಮೇಲೆ ನೋಡಿದ, ಸುತ್ತ ನೋಡಿದ. "ಆಹಾ" ಎಂದ. ಆಮೇಲೆ ಕಿವಿ ನಿಮಿರಿಸಿ, "ಇವನ್ಯಾರೋ ನನ್ ಮಾತು ಹೇಳ್ತಿದಾನೆ" ಎಂದ. ಹೆಂಗಸರಿಗೆ ಅರ್ಥವಾಗಲಿಲ್ಲ, ನಕ್ಕರು. ಅಷ್ಟಾದ ಮೇಲೆ ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತುಬಿಟ್ಟ.

"ಹತ್ತಿ" ಎಂದರು ಮೇಡಂ.

"ಇಲ್ಲ."

"ಹೆದರ್ಬೇಡಿ, ಬೀಳಲ್ಲ. ಇದು ಬರೀ ಆಟ."

"ಹೆದರಿಕೆಯಲ್ಲಮ್ಮ. ರೆಕ್ಕೆ ತಿರುಗ್ತಾ ಇದೆಯಲ್ಲ."

"ಗಾಳಿಯಂತ್ರ ಅಲ್ವಾ, ತಿರುಗ್ಲೇಬೇಕಲ್ಲ?"

"ತಿರುಗೋ ಯಂತ್ರದ ಮೇಲೆ ಯಾವನು ಹತ್ತುತಾನೆ? ಇದನ್ನ ಬಂದ್ ಮಾಡೋದು ಎಲ್ಲಿ? ಬಂದ್ ಮಾಡಿ ಬೀಗ ಹಾಕಿ, ಬೀಗದ ಕೈ ನನ್ ಜೇಬಿಗೆ ಹಾಕಿ. ಆಮೇಲೆ ಹತ್ತುತೀನಿ. ಕೆಳಗಡೆ ಯಾವನೋ ಬಂದು ಗುಂಡಿ ಒತ್ತಿದ್ರೆ ನನ್ ಗತಿ ಏನು?"

ಮೇಡಂ ನಕ್ಕರು, ಆಮೇಲೆ ನಗು ನಿಲ್ಲಿಸಿದರು. ಟಿವಿಯ ಹತ್ತಿರ ಹೋಗಿ ನೋಡಿದರು. ಅವನೂ ನೋಡಿದ, ನಾಲ್ಕು ತಿಂಗಳಲ್ಲಿ ಮೊದಲ ಬಾರಿ. ನೀಲಿ ಆಕಾಶದಲ್ಲಿ ಮೂರು ಬಿಳಿಯ ರೆಕ್ಕೆಗಳು ಯಾವ ಅವಸರವೂ ಇಲ್ಲದೆ, ಎಲ್ಲರೂ ನೋಡಲಿ ಎಂಬಂತೆ ಸುತ್ತುತ್ತಿದ್ದವು. ಎರಡು ಸಾವಿರ ಜನ ಅದರ ಕೆಳಗೆ ನುಸುಳಿ ಹೋಗಿ ತಂತಿ ಸಿಕ್ಕಿಸಿ ನೂರಕ್ಕೆ ಇಷ್ಟು ಎಂದು ಅಂಕ ತೆಗೆದುಕೊಂಡು ಮನೆಗೆ ಹೋಗಿದ್ದರು. ತಾರಸಿಯ ಹಲಗೆಗಳ ಪಾಠದಲ್ಲೂ ಬಂದ್ ಮಾಡುವ ಗುಂಡಿ ಇರಲಿಲ್ಲ.

"ಸರ್, ನೀವು ನೋಡಿದ್ರಲ್ಲ" ಎಂದರು ಮೇಡಂ. ದೂರುವ ದನಿಯಲ್ಲ, ಮೆಟ್ಟಿಲಿದೆ ಎಂದುಕೊಂಡು ಕಾಲಿಟ್ಟು, ಇಲ್ಲವೆಂದು ಗೊತ್ತಾದವರ ದನಿ. "ಸರಿ ಇದೆ ಅಂದ್ರಲ್ಲ."

ನಾಲಗೆಯ ತುದಿಯಲ್ಲಿ ಉತ್ತರ ಸಿದ್ಧವಿತ್ತು, ಅದೂ ಎರಡೆರಡು. ಮೊದಲ ಆಟ ಸುಲಭವಾಗಿರಲಿ ಎಂದು ಬಿಟ್ಟೆ ಎನ್ನಬಹುದು. ಇದು ಹೊಸ ಕಾಲದ ಯಂತ್ರ, ಅದಕ್ಕೆ ಬಂದ್ ಬೇಡ, ಗುಬ್ಬಿ ಹಳೆಯ ಕಾಲದವನು ಎನ್ನಬಹುದು. ಆರು ಜನ ಹೆಂಗಸರೂ ನಂಬುತ್ತಾರೆ, ಬಹುಶಃ ಮೇಡಂ ಕೂಡ. ಗುಬ್ಬಿ ಎದುರು ಹೇಳುವವನಲ್ಲ. ಡಬ್ಬಿಯೊಳಗೆ ಅವನಿಗೆ ಇವರ್ಯಾರೂ ಕಾಣುತ್ತಿರಲಿಲ್ಲ. ಕೈ ಕಟ್ಟಿಕೊಂಡು, ದೊಡ್ಡ ಅಂಗಿಯೊಳಗೆ, ಯಾರಾದರೂ ಬಂದ್ ಮಾಡಿಯೇ ಮಾಡುತ್ತಾರೆಂಬ ನಂಬಿಕೆಯಲ್ಲಿ ನಿಂತಿದ್ದ. ಬಿರುಗಾಳಿಯ ದಿನವೂ ಹೀಗೇ ಕಂಬದ ಬುಡದಲ್ಲಿ ನೀರು ತೊಟ್ಟಿಕ್ಕುತ್ತಾ ನಿಂತು "ಬಂದ್ ಆಯ್ತಾ ನೋಡ್ಕೊಂಡು ಬಾ" ಎಂದಿದ್ದ. ಇವನು ಕೆಸರಿನಲ್ಲಿ ಓಡಿ ಹೋಗಿ ನೋಡಿ ಬಂದು ಆಯ್ತು ಎಂದಿದ್ದ. ಗುಬ್ಬಿ ಇನ್ನೊಂದು ಮಾತು ಕೇಳದೆ ಹತ್ತಿದ್ದ.

"ನಾನು ನೋಡಿರ್ಲಿಲ್ಲ ಮೇಡಂ" ಎಂದ. ದನಿ ಟಿವಿಯಲ್ಲಿನದಕ್ಕಿಂತ ತೀರ ತೆಳುವಾಗಿತ್ತು. "ಟಿವಿ ಕಡೆ ತಿರುಗೂ ಇರ್ಲಿಲ್ಲ. ಈಗ ಹತ್ತಿದ್ನಲ್ಲ, ಅದೂ ಕಣ್ಣು ಮುಚ್ಚಿಕೊಂಡು. ನಾನು ಒಂದು ಕಂಬನೂ ಹತ್ತಿದೋನಲ್ಲ. ಆ ಸಾವಿರದ ಇನ್ನೂರು ಇವನದು. ಬಿರುಗಾಳಿದೂ ಇವನದೇ. ನಾನು ಪುಸ್ತಕ ಬರೀತಿದ್ದೆ, ಏಣಿ ಹಿಡೀತಿದ್ದೆ."

ಯಾರೋ ಒಬ್ಬಳು ಕಿಸಕ್ಕೆಂದಳು, ಪಕ್ಕದವಳು ತಿವಿದಳು. ಬೀಗಿತ್ತಿ ಕುರ್ಚಿಯಿಂದ ಏಳದೆ ಅವನನ್ನು ಮೇಲಿನಿಂದ ಕೆಳಗಿನವರೆಗೆ, ಬಟ್ಟೆ ಕತ್ತರಿಸುವ ಮೊದಲು ನೋಡುವಂತೆ ನೋಡಿದಳು.

"ಅದಕ್ಕೇ ಏಣಿ" ಎಂದಳು.

"ಹೌದು."

"ನೆಟ್ಟಗೆ ಹಿಡೀತಿದ್ರಾ?" ಎಂದವಳು, ಉತ್ತರಕ್ಕೆ ಕಾಯದೆ ಗುಬ್ಬಿಯ ಕಡೆ ತಿರುಗಿ, "ಏನಪ್ಪ, ನೆಟ್ಟಗೆ ಹಿಡೀತಿದ್ರಾ ಇವರು? ಯಾವತ್ತೂ ಬಿಡ್ಲಿಲ್ವಾ?"

"ಒಂದ್ಸಲ ಬಿಟ್ಟ" ಎಂದ ಗುಬ್ಬಿ, ಡಬ್ಬಿ ಕಟ್ಟಿಕೊಂಡೇ, ಗೋಡೆಯ ಕಡೆ ಮುಖ ಮಾಡಿ. "ಏಣಿ ಎತ್ಕೊಂಡು ಹೊರಟೇ ಹೋದ. ಮೂರು ಗಂಟೆ ಮೇಲೆ ಕೂತಿದ್ದೆ. ಚಹಾ ಕುಡಿದು ಪುಸ್ತಕ ಬರೆಯೋಕೆ ಕೂತಾಗ, ಇಳಿದ ಸಮಯ ಅನ್ನೋ ಕಾಲಮು ಬಂದಾಗ ನೆನಪಾಯ್ತಂತೆ ಇವನಿಗೆ."

ಈ ಸಲ ಎಲ್ಲರೂ ನಕ್ಕರು. ಬೀಗಿತ್ತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು, ಮೇಡಂ ಬೇಡ ಬೇಡವೆಂದುಕೊಂಡೇ ನಕ್ಕರು. ಅವನು ನಗಲೂ ಆಗದೆ ನಗದಿರಲೂ ಆಗದೆ ಮೇಜಿನ ಮೇಲಿದ್ದ ಒದ್ದೆ ಬಟ್ಟೆಯನ್ನು ತೆಗೆದು ಹಿಂಡಿದ. ಇದಕ್ಕಿಂತ ಅವರು ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು. ಜೊತೆಗೆ ಮಂಡಿ ನಡುಗುವುದು ಯಾವಾಗಲೋ ನಿಂತಿದೆ ಎನ್ನುವುದೂ ಗಮನಕ್ಕೆ ಬಂತು.

"ಪ್ರಶಸ್ತಿಗೆ ಕರೆದಾಗ ಯಾಕೋ ಅಷ್ಟು ಜೋರಾಗಿ ಚಪ್ಪಾಳೆ ಹೊಡೆದೆ?" ಎಂದು ಕೇಳಿಬಿಟ್ಟ.

"ಊಟಕ್ಕೆ ಬಿಡ್ತಾರೆ ಅಂತ" ಎಂದ ಗುಬ್ಬಿ. ಡಬ್ಬಿಯ ಪಟ್ಟಿಗೆ ಕೈ ಹಾಕಿ, "ಬೇಜಾರೂ ಆಗಿತ್ತು ಕಣೋ. ಒಂದು ಮಾತು ಹೇಳ್ಬಹುದಿತ್ತು ನೀನು. ಈಗ ಇದನ್ನ ಬಿಚ್ಚು, ಸೆಕೆ."

ಹೆಂಗಸರು ತಾರಸಿಯ ಆಟ ಆಡಿದರು, ನೆರಳಿನ ಬಗ್ಗೆ ಜಗಳವಾಡಿದರು, ಮೋಡವಿದ್ದ ದಿನ ಮೆಷಿನ್ನು ಓಡುತ್ತದೆಯೇ ಎಂದು ಮೇಡಂ ಬೆವರುವವರೆಗೆ ಕೇಳಿದರು. "ಹಲಗೆ ಹಾಕಿಸ್ತೀವಿ" ಎಂದಳು ಬೀಗಿತ್ತಿ ಹೊರಡುವಾಗ. "ಹಾಕೋವಾಗ ಗುಬ್ಬಿ ನಿಂತು ನೋಡಬೇಕು. ನೀವೂ ಬನ್ನಿ ಬೀಗರೇ, ಏಣಿಗೆ ಜನ ಬೇಕಾಗುತ್ತೆ. ಮಗಳ ಹತ್ರ ನಾನೇನೂ ಹೇಳಲ್ಲ, ನೀವೇ ಹೇಳಿ. ಭಾನುವಾರದವರೆಗೂ ಟೈಮ್ ಕೊಡ್ತೀನಿ." ಆಟ ತಿದ್ದಲು ಬೇಕಾಗುತ್ತಾನೆಂದು ಗುಬ್ಬಿಯನ್ನು ಒಂದು ದಿನದ ಮಟ್ಟಿಗೆ ಇಲ್ಲೇ ಬಿಟ್ಟುಹೋದಳು.

ಮೇಡಂ ಬಾಗಿಲಿಗೆ 'ತಿದ್ದುಪಡಿಗಾಗಿ ಆಟ ಮುಚ್ಚಿದೆ' ಎಂದು ಬರೆದು ಅಂಟಿಸಿದರು. ಆಮೇಲೆ ಆಡಿದವರ ಫೋನ್ ನಂಬರುಗಳ ಪಟ್ಟಿಯನ್ನು, ಮೂವತ್ತೆಂಟು ಹಾಳೆ, ಅವನ ಮುಂದಿಟ್ಟರು. ಬೈಯಲಿಲ್ಲ. "ಎಲ್ಲರಿಗೂ ಹೇಳ್ಬೇಕು ಸರ್. ಆಟದಲ್ಲಿ ಒಂದು ತಪ್ಪಿದೆ, ಯಾವುದನ್ನೂ ಮುಟ್ಟೋ ಮೊದಲು ಬಂದ್ ಮಾಡ್ಬೇಕು ಅಂತ. ಹೇಳಿದ್ದು ನೀವು, ತಿದ್ದೋದೂ ನೀವೇ." ಅವನು ಕುರ್ಚಿ ಎಳೆದುಕೊಂಡ. ಗುಬ್ಬಿ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಕೊಂಡು, ಕಾಲು ಚಾಚಿ, ಕೇಳಲು ಕೂತ. ಮೊದಲನೆಯವನು "ಕರೆಂಟ್ ಯಾವಾಗ ಬರುತ್ತೆ ಅದನ್ನ ಹೇಳಿ" ಎಂದು ಇಟ್ಟ. ಎರಡನೆಯವಳು ರಾಂಗ್ ನಂಬರ್ ಎಂದಳು. ಮೂರನೆಯವನು "ನಾನು ಮೆಟ್ಟಿಲನ್ನೇ ಹತ್ತಲ್ಲ, ಲಿಫ್ಟು" ಎಂದ. ಒಂಬತ್ತನೆಯದು ಬಹಳ ಹೊತ್ತು ಬಡಿದುಕೊಂಡ ಮೇಲೆ ಏದುಸಿರಿನ ಹೆಂಗಸೊಬ್ಬಳು ಎತ್ತಿಕೊಂಡಳು.

"ಬೇಗ ಹೇಳಿ, ಏಣಿ ಮೇಲಿದೀನಿ."

"ಏಣಿ ಮೇಲಾ? ಯಾಕಮ್ಮ?"

"ನಿಮ್ ಆಟ ಆಡಿ ಬಂದ ಮೇಲೇ ಹಾಕಿಸಿದ್ದು ಹಲಗೆ. ಧೂಳು ಕೂತಿದೆ. ತೊಳೆಯೋಣ ಅಂತ ಪೈಪ್ ಹಿಡ್ಕೊಂಡು ಹತ್ತುತಾ ಇದೀನಿ."

"ಬಂದ್ ಮಾಡಿದೀರಾ?"

"ಏನನ್ನ?"

ಅವನು ಎದ್ದು ನಿಂತಿದ್ದ. ಅವಳ ಹಿಂದೆ ಗಾಳಿ ಕೇಳಿಸುತ್ತಿತ್ತು, ಎಲ್ಲೋ ನೀರು ಸುರಿಯುವ ಸದ್ದು. "ಇಳೀರಿ" ಎಂದ. "ನಿಧಾನಕ್ಕೆ ಇಳೀರಿ ತಾಯಿ. ನೀರು ನಿಲ್ಲಿಸಿ. ಮೀಟರ್ ಪಕ್ಕದಲ್ಲಿ ಒಂದು ಪೆಟ್ಟಿಗೆ ಇರುತ್ತೆ, ಕೆಂಪು ಹಿಡಿ, ಅದನ್ನ ತಿರುಗಿಸಿ." ಅವಳು ಇಳಿಯುವುದು ಒಂದೊಂದು ಮೆಟ್ಟಿಲಾಗಿ ಕೇಳಿಸಿತು. ಅವನು ಎಣಿಸಿದ, ಹನ್ನೊಂದು. ನೀರು ನಿಂತಿತು. ಆಮೇಲೆ ಏನೂ ಇಲ್ಲ. ಆಮೇಲೆ ಟಕ್ ಎಂದು ಒಂದು ಸದ್ದು.

"ಆಯ್ತು. ಇನ್ನು ಹತ್ತಲಾ? ಹೇಗೆ ಹತ್ತಬೇಕು ಹೇಳಿ, ನೀವೇ ಅಲ್ವಾ ಆಟದಲ್ಲಿ ಹೇಳ್ತಿದ್ದೋರು? ದನಿ ಗುರುತು ಸಿಕ್ತು."

"ದನಿ ನನ್ನದೇ" ಎಂದ. "ಹತ್ತೋದು ನನಗೆ ಗೊತ್ತಿಲ್ಲಮ್ಮ. ಗೊತ್ತಿರೋರು ಇಲ್ಲೇ ಇದಾರೆ, ಕೊಡ್ತೀನಿ ಇರಿ."

ಗುಬ್ಬಿ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಗಂಟಲು ಸರಿಮಾಡಿಕೊಂಡು, ಕಚೇರಿಯ ಮೂರು ಕೋಣೆಗೂ ಕೇಳಿಸುವಂತೆ ಕೂಗಿದ: "ಮೊದಲು ಆ ಚಪ್ಪಲಿ ಬಿಡಿ!"